ಸರ್ಕಾರ ಫ್ಲ್ಯಾಟ್ ಕಟ್ಟಿಕೊಟ್ಟರೂ ಜನ ಯಾಕೆ ಹಳೇ ಜಾಗಕ್ಕೇ ವಾಪಸ್ ಹೋಗುತ್ತಾರೆ?

ನೀವು ಕೇಳಿರೋದು ಇಷ್ಟು. ನಿಮ್ಮ ಊರಿನ ಹೊರಗೆ ಕೊಳಗೇರಿ ಜನರಿಗೆ ಅಂತ ಮೂರು ಮಹಡಿಯ ಮನೆಗಳನ್ನು ಕಟ್ಟಿದ್ದಾರೆ, ಅರ್ಧಕ್ಕರ್ಧ ಬೀಗ ಬಿದ್ದಿವೆ, ಕೆಲವರು ಬಾಡಿಗೆಗೆ ಕೊಟ್ಟು ಹಳೇ ಶೀಟ್ ಮನೆಗೇ ಹೋಗಿದ್ದಾರೆ. ಹಾಗಾದರೆ ಇವರಿಗೆ ಮನೆ ಬೇಕಾಗಿರಲೇ ಇಲ್ವಾ, ಬಾಡಿಗೆಗೆ ಕೊಟ್ಟವರಿಂದ ವಾಪಸ್ ಕಿತ್ತುಕೊಳ್ಳಬೇಕಲ್ವಾ ಅಂತ.

ನಾನು ಸಿವಿಲ್ ಡಿಪ್ಲೊಮಾ ಮಾಡಿದವನು. ಇಂಥದ್ದೇ ಒಂದು ಕಾಮಗಾರಿಯಲ್ಲಿ ಎರಡು ವರ್ಷ ಸೂಪರ್‌ವೈಸರ್ ಆಗಿದ್ದೆ. ಊರಿನ ಹೆಸರು ಬೇಡ. ಮನೆಗಳ ಕೀ ಹಂಚಿದ ದಿನ ಅಲ್ಲೇ ಇದ್ದೆ. ಆರು ತಿಂಗಳು ಬಿಟ್ಟು ಬಾತ್‌ರೂಮ್ ಸೋರಿಕೆ ರಿಪೇರಿಗೆ ಅಂತ ಮತ್ತೆ ಹೋದಾಗ ನೀವು ಹೇಳೋ ಬೀಗಗಳನ್ನೇ ನೋಡಿದೆ. ಕಟ್ಟಿದವನಿಗೆ ಅದು ಎಷ್ಟು ನೋವಾಗುತ್ತೆ ಅಂತ ಹೇಳಲು ಆಗಲ್ಲ.

ಮೂರನೇ ಮಹಡಿಯಲ್ಲಿ ಒಬ್ಬ ಅಕ್ಕ ಇದ್ದರು. ಬಸ್ ಸ್ಟ್ಯಾಂಡ್ ಹತ್ತಿರ ತಳ್ಳುಗಾಡಿಯಲ್ಲಿ ಇಡ್ಲಿ, ಚಿತ್ರಾನ್ನ ಮಾರುತ್ತಿದ್ದವರು. ಹಳೇ ಮನೆಯ ಬಾಗಿಲು ರಸ್ತೆಗೇ ತೆರೆಯುತ್ತಿತ್ತು, ಗಾಡಿ ಬಾಗಿಲಲ್ಲೇ ನಿಲ್ಲುತ್ತಿತ್ತು. ಬೆಳಿಗ್ಗೆ ಐದೂವರೆಗೆ ಸ್ಟವ್ ಹಚ್ಚಿದರೆ ಆರು ಗಂಟೆಗೆ ಮೊದಲ ಗಿರಾಕಿ. ಹೊಸ ಮನೆ ಅಲ್ಲಿಂದ ಒಂಬತ್ತು ಕಿಲೋಮೀಟರ್. ಮೊದಲ ಬಸ್ಸು ಬರೋದೇ ಏಳೂಕಾಲಿಗೆ. ಮೆಟ್ಟಿಲ ಕೆಳಗೆ ಗಾಡಿಗೆ ಚೈನು ಹಾಕಿ ನಿಲ್ಲಿಸಿದ್ದರು, ಅದರ ಮೇಲೆ ಯಾರದೋ ಬಟ್ಟೆ ಒಣಗುತ್ತಿತ್ತು. ಸಂಪಿನ ಮೋಟರಿನ ಕರೆಂಟ್ ಬಿಲ್ ಯಾರು ಕಟ್ಟಬೇಕು ಅನ್ನೋ ಜಗಳ ಬಗೆಹರಿಯದೆ ನೀರು ಮೇಲಕ್ಕೆ ಏರುತ್ತಿರಲಿಲ್ಲ, ಹಿಟ್ಟು ರುಬ್ಬಬೇಕಂದರೂ ಕೊಡದಲ್ಲಿ ನೀರು ಹೊತ್ತು ಮೂರು ಮಹಡಿ ಹತ್ತಬೇಕಿತ್ತು. ಅವರು ನನಗೆ ಹೇಳಿದ್ದು ಇನ್ನೂ ಹಾಗೇ ನೆನಪಿದೆ. "ಮನೆ ಚೆನ್ನಾಗೈತೆ ಸಾರ್. ಆದ್ರೆ ಗಾಡಿ ಇಲ್ಲಿಟ್ರೆ ವ್ಯಾಪಾರ ಇಲ್ಲ, ಅಲ್ಲಿಟ್ರೆ ಗಾಡಿ ಇರಲ್ಲ."

ಅವರು ಆ ಮನೆಯನ್ನು ಬಾಡಿಗೆಗೆ ಕೊಟ್ಟು, ಬಸ್ ಸ್ಟ್ಯಾಂಡ್ ಹಿಂದೆ ಒಂದು ಶೀಟ್ ರೂಮು ಹಿಡಿದರು. ಕೈಯಿಂದ ಸ್ವಲ್ಪ ದುಡ್ಡು ಹಾಕಿ ಕೆಟ್ಟ ಮನೆಗೆ ಹೋದರು. ಹೊರಗಿನವರಿಗೆ ಇದು ಹುಚ್ಚು ಅನಿಸುತ್ತೆ. ಅವರ ದಿನದ ದುಡಿಮೆ ಲೆಕ್ಕ ಹಾಕಿ ನೋಡಿ, ನೀವಾಗಿದ್ದರೂ ಅದನ್ನೇ ಮಾಡುತ್ತಿದ್ದಿರಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಉಳಿಯುತ್ತಿದೆ, ಅದು ತುಂಬಾ ದೊಡ್ಡ ಸಹಾಯ. ಆದರೆ ಬಸ್ಸೇ ಇಲ್ಲದ ಕಡೆ ಉಚಿತ ಟಿಕೆಟ್ ತಗೊಂಡು ಏನು ಮಾಡೋದು?

ಊರಾಚೆ ಜಾಗ ಅಗ್ಗ ಅಂತಲೇ ಅಲ್ಲಿ ಕಟ್ಟುತ್ತಾರೆ. ಉಳಿಸಿದ ಆ ದುಡ್ಡನ್ನು ಆಮೇಲೆ ಬಡವರೇ ದಿನಾ ಕಟ್ಟುತ್ತಾರೆ, ಹೊತ್ತಿನ ಲೆಕ್ಕದಲ್ಲಿ, ಆಟೋ ಲೆಕ್ಕದಲ್ಲಿ, ಸ್ಕೂಲು ಬಿಟ್ಟ ಮಗಳ ಲೆಕ್ಕದಲ್ಲಿ. ಊರಿಗೂ ಲಾಭ ಇಲ್ಲ. ಅಲ್ಲಿಗೆ ಹೊಸದಾಗಿ ರಸ್ತೆ, ಪೈಪು, ಒಳಚರಂಡಿ ಎಳೆಯಬೇಕು. ಮೊದಲು ನಡೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದವರು ಗಾಡಿ ಹತ್ತಬೇಕು. ಪರಿಸರದ ಬಗ್ಗೆ ಮಾತಾಡೋರು ಸೋಲಾರ್, ಮಳೆ ನೀರು ಕೊಯ್ಲು ಅಂತಾರೆ, ಎಲ್ಲಾ ಬೇಕು. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು ಮನೆಯಿಂದ ಕೆಲಸಕ್ಕೆ ಎಷ್ಟು ದೂರ ಅನ್ನೋದನ್ನ.

ಚೆನ್ನೈನಲ್ಲಿ ಇದರ ಎರಡೂ ಮುಖ ಒಂದೇ ಊರಲ್ಲಿ ಕಾಣುತ್ತೆ. 1977ರಲ್ಲಿ ವಿಶ್ವ ಬ್ಯಾಂಕ್ ಸಾಲದಿಂದ ಅರುಂಬಾಕ್ಕಂ, ವಿಲ್ಲಿವಾಕ್ಕಂ ಕಡೆ ಒಂದು ಯೋಜನೆ ಶುರುವಾಯಿತು. ಪೂರ್ತಿ ಮನೆ ಕಟ್ಟಿಕೊಡಲಿಲ್ಲ. ಸೈಟ್ ಅಳೆದು, ರಸ್ತೆ, ನೀರು, ಚರಂಡಿ ಕೊಟ್ಟು, ಮನೆ ನೀವೇ ನಿಧಾನಕ್ಕೆ ಕಟ್ಟಿಕೊಳ್ಳಿ ಅಂದರು. ಚಿಕ್ಕ ಸೈಟುಗಳ ಜೊತೆ ದೊಡ್ಡವನ್ನೂ ಸೇರಿಸಿ, ದೊಡ್ಡದರ ದುಡ್ಡಲ್ಲಿ ಚಿಕ್ಕದರ ಖರ್ಚು ತೂಗಿಸಿದರು. ಇವತ್ತು ಅವು ಬೇರೆ ಯಾವ ಬಡಾವಣೆಯ ಹಾಗೇ ಇವೆ. ಒಂದು ಕಡೆ ಒಂದು ಅಂತಸ್ತು, ಪಕ್ಕದಲ್ಲಿ ಮೂರು ಅಂತಸ್ತು, ಕೆಳಗೆ ಅಂಗಡಿ.

ಅದೇ ಚೆನ್ನೈನಲ್ಲಿ 2000ದಿಂದ ಕಣ್ಣಗಿ ನಗರ ಬಂತು. 15 ಸಾವಿರಕ್ಕೂ ಜಾಸ್ತಿ ಮನೆ, ಎಲ್ಲಾ ಒಂದೇ ಕಡೆ. ಆಮೇಲೆ ಪೆರುಂಬಾಕ್ಕಂ, ಅಲ್ಲಿ ಎಂಟೆಂಟು ಮಹಡಿ. 2015ರ ಪ್ರವಾಹ ಆದ ಮೇಲೆ ಕೂವಂ, ಅಡ್ಯಾರ್ ನದಿ ದಂಡೆಯ ಜನರನ್ನು ಅಲ್ಲಿಗೆ ಕಳಿಸಿದರು. ಊರಿನ ನಡುವಿನಿಂದ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರ. ಪೆರುಂಬಾಕ್ಕಂ ಪಳ್ಳಿಕರಣೈ ಜೌಗಿನ ಕಡೆಯ ತಗ್ಗು, ಅಲ್ಲೂ ಮಳೆ ನೀರು ನಿಲ್ಲುತ್ತದೆ. ಕೆಲಸ ಕಳೆದುಕೊಂಡವರು, ಓದು ಬಿಟ್ಟ ಮಕ್ಕಳು, ಎಲ್ಲಿಯವರು ಅಂದರೆ ಆ ಹೆಸರು ಹೇಳಿದ ಕೂಡಲೇ ಕೆಲಸ ಕೊಡದ ಮಾಲೀಕರು, ಇದೆಲ್ಲ ಅಲ್ಲಿಯ ಜನ ವರ್ಷಗಳಿಂದ ಹೇಳುತ್ತಾ ಬಂದಿರೋ ಮಾತು.

ಇಲ್ಲಿ ನಮ್ಮ ಮನೆ ವಿಷಯ ಹೇಳಲೇಬೇಕು. ನಮ್ಮದು ತುಮಕೂರು. ನಾನು ಚಿಕ್ಕವನಿದ್ದಾಗ ಅಪ್ಪನಿಗೆ ಆಶ್ರಯ ಯೋಜನೆಯಲ್ಲಿ ಇಪ್ಪತ್ತು ಅಡಿಗೆ ಮೂವತ್ತು ಅಡಿಯ ಒಂದು ಸೈಟ್ ಸಿಕ್ಕಿತು. ಆಗ ಅದೂ ಊರಾಚೆಯೇ, ಆದರೆ ಅಪ್ಪ ಸೈಕಲ್ಲಲ್ಲಿ ಕೆಲಸಕ್ಕೆ ಹೋಗಿ ಬರುವಷ್ಟು ಹತ್ತಿರ. ಹಕ್ಕುಪತ್ರ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ, ಅಮ್ಮನ ಮದುವೆ ಸೀರೆ ಕೆಳಗೆ ಇಟ್ಟಿದ್ದರು. ಮೊದಲ ಮೂರು ವರ್ಷ ಶೀಟ್ ಮನೆ. ಆಮೇಲೆ ಒಂದು ರೂಮು, ಅಡುಗೆ ಮನೆ ಕಟ್ಟಿ ಮೋಲ್ಡ್ ಹಾಕಿದರು. ಕಾಲಂ ಕಂಬಿಗಳನ್ನು ಮೇಲಕ್ಕೆ ಎರಡಡಿ ಹಾಗೇ ಬಿಟ್ಟಿದ್ದರು. ಅಪ್ಪ ಗಾರೆ ಕೆಲಸದವರು, ಪ್ರತಿ ಮಳೆಗಾಲಕ್ಕೆ ಮುಂಚೆ ಆ ಕಂಬಿಗೆ ತುಕ್ಕು ಹಿಡಿಯದ ಹಾಗೆ ಸಿಮೆಂಟ್ ಹಾಲು ಬಳಿಯುತ್ತಿದ್ದರು. ಹದಿನಾಲ್ಕು ವರ್ಷ ಬಳಿದರು. ಕೊನೆಗೆ ಅದೇ ಕಂಬಿಗೆ ಹೊಸ ಕಂಬಿ ಕಟ್ಟಿ ಮೇಲೆ ಎರಡು ರೂಮು ಎಬ್ಬಿಸಿದರು, ಒಂದರಲ್ಲಿ ಅಣ್ಣ ಅತ್ತಿಗೆ, ಇನ್ನೊಂದು ಬಾಡಿಗೆಗೆ.

ಬಡವರ ಮನೆ ಬೆಳೆಯುವುದು ಹೀಗೆ, ಕೈಗೆ ಕಾಸು ಬಂದಾಗ ಒಂದು ಗೋಡೆ, ಮಗನಿಗೆ ಮದುವೆ ಗೊತ್ತಾದಾಗ ಒಂದು ರೂಮು. ನಾವು ಕಟ್ಟಿಕೊಟ್ಟ ಫ್ಲ್ಯಾಟಿನಲ್ಲಿ ಕಂಬಿ ಬಿಡಲು ಜಾಗವೇ ಇಲ್ಲ. ಮುನ್ನೂರು ಚದರಡಿ ಚಿಲ್ಲರೆ ಇವತ್ತೂ ಅಷ್ಟೇ, ಮೊಮ್ಮಕ್ಕಳು ಬಂದರೂ ಅಷ್ಟೇ. 2012ರಲ್ಲಿ ಕೇಂದ್ರದ ತಾಂತ್ರಿಕ ಸಮಿತಿ ದೇಶದ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆ ಇದೆ ಅಂತ ಲೆಕ್ಕ ಕೊಟ್ಟಿತ್ತು. ಅದರಲ್ಲಿ ಸುಮಾರು 1.5 ಕೋಟಿ, ಮನೆ ಇದ್ದೂ ಜಾಗ ಸಾಲದೆ ಇಕ್ಕಟ್ಟಿನಲ್ಲಿ ಇರೋರದ್ದು. ಪೂರ್ತಿ ಮನೆಯೇ ಇಲ್ಲದವರು ಸುಮಾರು 5 ಲಕ್ಷ. ಅದೇ ಹೊತ್ತಿಗೆ 2011ರ ಜನಗಣತಿಯಲ್ಲಿ ನಗರಗಳಲ್ಲಿ 1.1 ಕೋಟಿ ಮನೆ ಖಾಲಿ ಬಿದ್ದಿದ್ದವು. ಅಂದರೆ ಜಾಸ್ತಿ ಜನಕ್ಕೆ ಬೇಕಿರೋದು ಇರೋ ಕಡೆಯೇ ಇನ್ನೊಂದು ರೂಮು.

ವಾಸ್ತುಶಿಲ್ಪಿ ಬಿ.ವಿ. ದೋಶಿ ಇಂದೋರಿನ ಅರಣ್ಯ ಬಡಾವಣೆಯಲ್ಲಿ 1980ರ ದಶಕದಲ್ಲೇ ಹೀಗೆ ನಿಧಾನಕ್ಕೆ ಬೆಳೆಯುವ ಮನೆಗಳನ್ನು ಮಾಡಿ ತೋರಿಸಿದ್ದರು. ಸುಮಾರು 6,500 ಸೈಟು. ತೀರಾ ಬಡವರಿಗೆ ಪಾಯ, ಕಕ್ಕಸು, ನೀರು ಇಷ್ಟನ್ನು ಮಾಡಿಕೊಟ್ಟು ಉಳಿದದ್ದನ್ನು ಅವರಿಗೇ ಬಿಟ್ಟರು.

ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲೂ ಜನ ಜಾಸ್ತಿ ಉಪಯೋಗಿಸಿದ್ದು, ಸ್ವಂತ ಜಾಗದಲ್ಲಿ ತಾವೇ ಕಟ್ಟಿಕೊಳ್ಳೋರಿಗೆ ಕೇಂದ್ರ 1.5 ಲಕ್ಷ ಕೊಡುವ ಭಾಗವನ್ನೇ. ತೊಡಕು ಇರೋದು ಕಾಗದದಲ್ಲಿ. ಜಾಗದ ಪತ್ರ ಇಲ್ಲದಿದ್ದರೆ ಆ ದುಡ್ಡೂ ಇಲ್ಲ, ಬ್ಯಾಂಕ್ ಸಾಲವೂ ಇಲ್ಲ. ಮೂವತ್ತು ವರ್ಷದಿಂದ ಅಲ್ಲೇ ಇರೋರೂ ನಾಳೆ ಜೆಸಿಬಿ ಬಂದರೆ ಅಂತ ಗಟ್ಟಿ ಗೋಡೆ ಎಬ್ಬಿಸಲ್ಲ. ಒಡಿಶಾ 2017ರಲ್ಲಿ ಕಾನೂನು ತಂದು, ಡ್ರೋನಿನಲ್ಲಿ ಕೊಳಗೇರಿಗಳ ನಕ್ಷೆ ಮಾಡಿ, ಇರೋ ಜಾಗದ ಮೇಲೇ ಹಕ್ಕು ಕೊಡಲು ಶುರು ಮಾಡಿತು. ಆ ಹಕ್ಕು ಮಕ್ಕಳಿಗೆ ಹೋಗುತ್ತೆ, ಮನೆ ಸಾಲಕ್ಕೆ ಅಡ ಇಡಬಹುದು, ಮಾರುವ ಹಾಗಿಲ್ಲ. ನಮ್ಮಲ್ಲೂ ಕೊಳಗೇರಿ ಮಂಡಳಿ ಹಕ್ಕುಪತ್ರ ಕೊಡುತ್ತೆ, ಊರುಗಳಲ್ಲಿ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆ ಸಕ್ರಮ ಮಾಡುವ 94ಸಿಸಿ ಕಲಂ ಇದೆ, ದಾರಿ ಇಲ್ಲ ಅಂತಲ್ಲ. ಆದರೆ 1973ರ ಕಾಯ್ದೆ ಪ್ರಕಾರ ಘೋಷಣೆ ಆಗದ ಕೊಳಗೇರಿಯವರ ಕಷ್ಟ ಕೇಳಬೇಡಿ.

ಇನ್ನೊಂದು ಗುಂಪು ಇದೆ, ಅವರನ್ನು ಎಲ್ಲರೂ ಮರೆಯುತ್ತಾರೆ. ನಮ್ಮ ಮೇಲಿನ ರೂಮಿನಲ್ಲಿ ಬಾಡಿಗೆಗೆ ಇರೋರು ಯಾದಗಿರಿ ಕಡೆಯ ಗಂಡ ಹೆಂಡತಿ, ಇಬ್ಬರೂ ಕಟ್ಟಡ ಕೆಲಸದವರು. ಊರಲ್ಲಿ ಅವರ ಹೆಸರಿಗೆ ಒಂದು ಮನೆ ಇದೆ. ದೇಶದಲ್ಲಿ ಎಲ್ಲೇ ಪಕ್ಕಾ ಮನೆ ಇದ್ದರೂ ಆವಾಸ್ ಯೋಜನೆಯಲ್ಲಿ ಮನೆ ಸಿಗಲ್ಲ. ನಿಜ ಹೇಳಬೇಕಂದರೆ ಅವರಿಗೆ ಇಲ್ಲಿ ಸ್ವಂತ ಮನೆ ಬೇಕಾಗಿಯೂ ಇಲ್ಲ, ಕೆಲಸ ಇರೋಷ್ಟು ದಿನ ನಲ್ಲಿ, ಕಕ್ಕಸು ಇರೋ ಒಂದು ರೂಮು ಸಾಕು. ಅದು ಸಿಗದವರೇ ಬೆಂಗಳೂರಿನ ಖಾಲಿ ಸೈಟುಗಳಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಇರೋದು. ಅಂಥ ರೂಮುಗಳನ್ನು ಕಟ್ಟಿಸುತ್ತಾ ಇರೋರು ಅಪ್ಪನ ಥರ ಕಂಬಿ ಬಿಟ್ಟು ಕಾದವರು.

ಇರೋ ಜಾಗದಲ್ಲೇ ಹಕ್ಕು ಕೊಡೋದು ಎಲ್ಲಾ ಕಡೆ ಆಗಲ್ಲ, ಅದನ್ನೂ ಹೇಳಬೇಕು. ರಾಜಕಾಲುವೆ ಮೇಲೆ, ಕೆರೆ ಅಂಗಳದಲ್ಲಿ ಇರೋರನ್ನು ಅಲ್ಲೇ ಬಿಡೋದು ಅವರ ಜೀವಕ್ಕೇ ಅಪಾಯ. ತೀರಾ ಒತ್ತಾಗಿದ್ದು ಸೈಟ್ ಹಂಚಲು ಸಾಲದ ಕಡೆ ಮೇಲಕ್ಕೆ ಕಟ್ಟಲೇಬೇಕು. ಆಗಲೂ ಅದೇ ಜಾಗದಲ್ಲಿ ಅಥವಾ ಒಂದೆರಡು ಕಿಲೋಮೀಟರ್ ಒಳಗೆ ಕಟ್ಟಿ, ನೆಲ ಅಂತಸ್ತನ್ನು ಗಾಡಿ, ಅಂಗಡಿ ಇರೋರಿಗೆ ಕೊಟ್ಟರೆ ಅರ್ಧ ಬೀಗ ಬೀಳಲ್ಲ ಅಂತ ನನ್ನ ನಂಬಿಕೆ.

ಮನೆ ವಾಪಸ್ ಕಿತ್ತುಕೊಳ್ಳಬೇಕಾ ಅಂದಿರಿ. ನಾನಂತೂ ಬೇಡ ಅಂತೀನಿ. ಸುಮ್ನೆ ಒಂದು ಕೆಲಸ ಮಾಡಿ. ಒಂದು ದಿನ ಬೆಳಿಗ್ಗೆ ಐದಕ್ಕೆ ಎದ್ದು ಆ ಕಟ್ಟಡದ ಗೇಟಿನ ಹತ್ತಿರ ನಿಂತು ಮೊದಲ ಬಸ್ಸು ಎಷ್ಟು ಗಂಟೆಗೆ ಬರುತ್ತೆ, ಮೇಲಿನ ಮಹಡಿಗೆ ನೀರು ಬರುತ್ತಾ, ಮೆಟ್ಟಿಲ ಕೆಳಗೆ ಎಷ್ಟು ಗಾಡಿ ಚೈನು ಹಾಕಿ ನಿಂತಿವೆ ನೋಡಿ. ಆಮೇಲೆ ಊರಿನ ಒಳಗೆ ಸರ್ಕಾರಿ ಜಾಗ ಎಲ್ಲೆಲ್ಲಿ ಖಾಲಿ ಇದೆ ಅಂತ ನಗರಸಭೆಗೆ ಒಂದು ಆರ್‌ಟಿಐ ಹಾಕಿ. ಉತ್ತರ ಬಂದರೆ ಇಲ್ಲೇ ಕೆಳಗೆ ಬರೆಯಿರಿ, ನಕ್ಷೆ ನೋಡಲು ನಾನು ಸಹಾಯ ಮಾಡುತ್ತೇನೆ.