ಬೇಸಿಲ್ ಇಲ್ಲದೆಯೂ ಪೆಸ್ಟೊ

ಪ್ರಶ್ನೆ: ಮನೆಯಲ್ಲಿ ಮಾಡಿದ ಪೆಸ್ಟೊ (ಬೇಸಿಲ್ ಎಂಬ ತುಳಸಿ ಜಾತಿಯ ಸೊಪ್ಪು, ಪೈನ್ ಬೀಜ, ಚೀಸ್, ಎಣ್ಣೆ ಸೇರಿಸಿ ಮಾಡುವ ಇಟಲಿಯ ಚಟ್ನಿ) ಬೇಗನೆ ಕಪ್ಪಾಗುವುದೇಕೆ? ಬೇಸಿಲ್ ಮತ್ತು ಪೈನ್ ಬೀಜಗಳ ಬದಲಿಗೆ ಏನನ್ನು ಬಳಸಬಹುದು?

ಉತ್ತರ: ಪೆಸ್ಟೊ ಎಂಬ ಹೆಸರು ‘ಜಜ್ಜುವುದು’ ಎಂಬ ಅರ್ಥದ ಇಟಾಲಿಯನ್ ಕ್ರಿಯಾಪದದಿಂದ ಬಂದದ್ದರಿಂದ, ಇಂಥದೇ ಸೊಪ್ಪು ಬೇಕೆಂಬ ಕಟ್ಟುಪಾಡು ಹೆಸರಿನಲ್ಲಂತೂ ಇಲ್ಲ (ಬೇಸಿಲ್ ಪೆಸ್ಟೊದ ತವರಾದ ಇಟಲಿಯ ಜಿನೋವಾ ನಗರದವರು ಇದನ್ನು ಒಪ್ಪಲಿಕ್ಕಿಲ್ಲ). ಸಿಸಿಲಿಯ ಟ್ರಾಪಾನಿಯಲ್ಲಿ ಬಾದಾಮಿ, ಟೊಮೆಟೊ ಸೇರಿಸುತ್ತಾರೆ. ಪಾಲಕ್ ಮತ್ತು ಹುರಿದ ಅಕ್ರೋಟು ಚೆನ್ನಾಗಿ ಹೊಂದುತ್ತವೆಯಾದರೂ, ಪಾಲಕ್ ಸಪ್ಪೆಯಾದ್ದರಿಂದ ನಿಂಬೆ ಸಿಪ್ಪೆಯ ತುರಿ ಬೇಕೇ ಬೇಕು. ಎಲೆ ಜಜ್ಜಿದಾಗ ಅದರ ಕಿಣ್ವಗಳು ಆಮ್ಲಜನಕದ ಸಂಪರ್ಕಕ್ಕೆ ಬರುವುದರಿಂದ ಬಣ್ಣ ಕಪ್ಪಾಗುತ್ತದೆ. ಎಲೆಗಳನ್ನು ಕುದಿಯುವ ನೀರಿನಲ್ಲಿ 10 ಸೆಕೆಂಡು ಅದ್ದಿ, ಕೂಡಲೇ ಮಂಜುಗಡ್ಡೆಯ ನೀರಿಗೆ ಹಾಕಿ, ತೇವವನ್ನು ಒರೆಸಿ ರುಬ್ಬಿದರೆ ಹಸಿರು ಉಳಿಯುತ್ತದೆ, ಪರಿಮಳ ಮಾತ್ರ ತುಸು ಕುಂದುತ್ತದೆ. ಚೀಸನ್ನು ಕೊನೆಯಲ್ಲಿ ಚಮಚದಿಂದ ಬೆರೆಸಿರಿ.