ಚಕ್ರದಿಂದ ಗುಂಯ್ ಸದ್ದು: ಟೈರೋ, ಬೇರಿಂಗೋ?

ಪ್ರಶ್ನೆ: ಕಾರು 50 ಕಿ.ಮೀ. ವೇಗ ದಾಟಿದರೆ ಮುಂದಿನ ಚಕ್ರದ ಕಡೆಯಿಂದ ಗುಂಯ್ ಅಂತ ಸದ್ದು. ಟೈರ್ ಬದಲಿಸಿದರೂ ಹೋಗಿಲ್ಲ. ಬೇರಿಂಗ್ ಹೋಗಿದೆಯಾ? ಯಾವ ಕಡೆಯದು?

ಉತ್ತರ: ಟೈರ್ ಬದಲಿಸಿಯೂ ಸದ್ದು ಹಾಗೇ ಇದೆ ಅಂದರೆ ಬೇರಿಂಗ್ ಮೇಲೇ ಅನುಮಾನ ಜಾಸ್ತಿ. ಖಾಲಿ ರಸ್ತೆಯಲ್ಲಿ ಹೋಗುವಾಗ ಸ್ಟೀರಿಂಗನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿ. ಎಡಕ್ಕೆ ತಿರುಗಿದಾಗ ಭಾರ ಬಲಗಡೆ ಬೀಳುತ್ತದೆ, ಆಗ ಸದ್ದು ಜೋರಾದರೆ ಸಾಮಾನ್ಯವಾಗಿ ಬಲಗಡೆಯದ್ದೇ ಹೋಗಿರುತ್ತದೆ. ಆಮೇಲೆ ಕಾರನ್ನು ಜಾಕ್‌ನಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಒಂದು ಕೈ ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಟ್ಟು ಚಕ್ರ ತಿರುಗಿಸಿ. ಕೆಟ್ಟ ಬೇರಿಂಗಿನ ಗರಗರ ಕೈಗೇ ತಿಳಿಯುತ್ತದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲವಾದ ಅಲುಗಾಟ) ಇದ್ದರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ. ಆಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ (ಸಸ್ಪೆನ್ಷನ್ನಿನ ಗುಂಡು ಕೀಲು) ನೋಡಿಸಿ.

ಹಬ್ (ಚಕ್ರ ಕೂರುವ ನಡುಭಾಗ) ಸಮೇತ ಬೋಲ್ಟ್ ಹಾಕುವ ಬೇರಿಂಗಾದರೆ ಕೆಲಸ ಸುಲಭ. ಪ್ರೆಸ್ ಮಾಡಿ ಕೂರಿಸುವಂಥದ್ದಾದರೆ ಸುತ್ತಿಗೆಯಲ್ಲಿ ಬಡಿಯಲು ಬಿಡಲೇಬೇಡಿ. ಬೇರಿಂಗನ್ನು ನಕಲ್‌ಗೆ (ಅದು ಕೂರುವ ಲೋಹದ ಭಾಗಕ್ಕೆ) ಒತ್ತುವಾಗ ಅದರ ಹೊರಗಿನ ರೇಸ್ (ಹೊರ ಬಳೆ) ಮೇಲಷ್ಟೇ ಒತ್ತಡ ಬೀಳಬೇಕು, ಇಲ್ಲದಿದ್ದರೆ ಹೊಸ ಬೇರಿಂಗೂ ಬೇಗ ಹಾಳಾಗುತ್ತದೆ. ಆಕ್ಸಲ್ ನಟ್ ಹೊಸದೇ ಹಾಕಿಸಿ, ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) ಕಂಪನಿ ಹೇಳಿದಷ್ಟೇ ಬಿಗಿ ಮಾಡಿಸಿ.