ಎರಡನೇ ಆಲ್ಬಂ ಯಾವಾಗ ಬರುತ್ತೆ?

ಪ್ರಶ್ನೆ: ಜೆ.ಪಿ. ನಗರದ ಒಂದು ಕಾರ್ಯಕ್ರಮದಲ್ಲಿ ಕನ್ನಡ ಬ್ಯಾಂಡೊಂದರ ಹಾಡು ಕೇಳಿ ಅಭಿಮಾನಿಯಾದೆ. ಮೊದಲ ಆಲ್ಬಂ ಬಂದು ನಾಲ್ಕು ವರ್ಷವಾಯ್ತು, ಎರಡನೆಯದರ ಸುದ್ದಿಯೇ ಇಲ್ಲ. ಸಿನಿಮಾದವರು ಒಂದರ ಹಿಂದೆ ಒಂದು ಹಾಡು ಬಿಡ್ತಾನೇ ಇರ್ತಾರೆ. ಇವರಿಗೆ ಸೋಮಾರಿತನವೋ, ಸರಕು ಖಾಲಿಯಾಯ್ತೋ?
– ಬಸವನಗುಡಿಯ ಓದುಗರು

ಉತ್ತರ: ಎರಡೂ ಅಲ್ಲ. ಹಾಡು ಅವರ ಹತ್ತಿರ ಇರುತ್ತೆ. ಮುಂದಿನ ಸಲ ಹೋದಾಗ ಗಮನಿಸಿ, ಆಲ್ಬಂನಲ್ಲಿ ಇಲ್ಲದ ಎರಡು ಮೂರು ಹಾಡನ್ನಾದರೂ ಹಾಡ್ತಾರೆ. ಇಲ್ಲದೇ ಇರೋದು ದುಡ್ಡು ಹಾಕುವವರು. ಸಿನಿಮಾ ಹಾಡಿಗೆ ನಿರ್ಮಾಪಕರಿದ್ದಾರೆ. ದುಡ್ಡನ್ನೂ ಅವರೇ ಕೊಡ್ತಾರೆ, ಇಂಥ ತಾರೀಖಿಗೆ ಹಾಡು ಬೇಕು ಅಂತಲೂ ಅವರೇ ಹೇಳ್ತಾರೆ. ಸ್ವತಂತ್ರವಾಗಿ ಹಾಡು ಮಾಡುವವರಿಗೆ ಹಣವೂ ಇಲ್ಲ, ಗಡುವೂ ಇಲ್ಲ.

ಹೆಸರು ಮಾಡಿದವರನ್ನೇ ನೋಡಿ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ, ಎರಡನೆಯದು 2013ರಲ್ಲಿ. ಸ್ವರಾತ್ಮ ಬ್ಯಾಂಡಿನವರದ್ದು 2009, 2012, ಆಮೇಲೆ 2018. ಅಗಮ್ ಬ್ಯಾಂಡಿನವರದ್ದು 2012 ಮತ್ತು 2017, ಅವರಲ್ಲಿ ಹಲವರು ಆಫೀಸ್ ಕೆಲಸ ಮಾಡಿಕೊಂಡೇ ಬ್ಯಾಂಡ್ ನಡೆಸಿದವರು. ನಡುವಿನ ವರ್ಷಗಳಲ್ಲಿ ಇವರ‍್ಯಾರೂ ಸುಮ್ನೆ ಕೂತಿರಲಿಲ್ಲ, ಊರೂರು ಸುತ್ತಿ ಶೋ ಕೊಡ್ತಿದ್ದರು.

ಆಲ್ಬಂಗೆ ಬೇಕಾದ ದುಡ್ಡು ಮುಖ್ಯವಾಗಿ ಬರೋದು ಆ ಶೋಗಳಿಂದಲೇ. ಹಾಡು ಆ್ಯಪ್‌ನಲ್ಲಿ ಎಷ್ಟು ಓಡಿದರೂ ಕೈಗೆ ಬರೋದು ಪೈಸೆ ಲೆಕ್ಕ, ಅದರಲ್ಲೂ ಸ್ಪಾಟಿಫೈ 2024ರಿಂದ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಪ್ಲೇ ಆಗದ ಹಾಡಿಗೆ ಏನೂ ಕೊಡೋದಿಲ್ಲ. ಶೋ ದುಡ್ಡಿನಲ್ಲಿ ಪ್ರಾಕ್ಟೀಸ್ ಕೋಣೆಯ ಬಾಡಿಗೆ, ಪ್ರಯಾಣ, ಡ್ರಮ್ಮರ್‌ಗೆ ಕೊಡೋದು ಎಲ್ಲ ಕಳೆದು ಉಳಿದದ್ದು ಸ್ಟುಡಿಯೋಗೆ. ಹಾಗಾಗಿ ಶೋ ನಿಂತರೆ ಆಲ್ಬಂ ಕೂಡ ನಿಲ್ಲುತ್ತೆ. 2018ರಲ್ಲಿ ಲೈಸೆನ್ಸ್ ನಿಯಮ ಬಿಗಿಯಾದಾಗ ಬೆಂಗಳೂರಿನ ಎಷ್ಟೋ ಪಬ್‌ಗಳಲ್ಲಿ ಲೈವ್ ಸಂಗೀತ ನಿಂತಿತು. 2019ರಲ್ಲಿ ಬ್ಯಾಂಡ್‌ಗಳು ಶೋ ಕೊಡ್ತಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ ಮುಚ್ಚಿತು. ಮರುವರ್ಷ ಲಾಕ್‌ಡೌನ್. ಆ ಮೂರು ವರ್ಷದಲ್ಲಿ ಎಷ್ಟು ಜನರ ಆಲ್ಬಂ ಅರ್ಧಕ್ಕೆ ನಿಂತಿರಬಹುದು ಅಂತ ನೆನೆದರೆ ನನಗೆ ಈಗಲೂ ಸಂಕಟವಾಗುತ್ತೆ.

ದುಡ್ಡು ಉಳಿಸೋಕೆ ಮನೆಯಲ್ಲೇ ರೆಕಾರ್ಡ್ ಮಾಡೋಣ ಅಂದುಕೊಳ್ಳುವವರು ಜಾಸ್ತಿ. ಆದರೆ ನಮ್ಮ ಊರಿನ ಸದ್ದು ಗೊತ್ತಲ್ವಾ? ಪಕ್ಕದ ಸೈಟಿನಲ್ಲಿ ಟೈಲ್ಸ್ ಕತ್ತರಿಸ್ತಿರ್ತಾರೆ, ಕೆಳಗಿನ ಮನೆಯ ಕುಕ್ಕರ್ ವಿಷಲ್ ಹಾಕುತ್ತೆ. ಗೋಡೆಗೆ ಕಂಬಳಿ ಕಟ್ಟಿ, ಫ್ಯಾನ್ ಆಫ್ ಮಾಡಿ, ಬೆವರು ಒರೆಸಿಕೊಂಡು, ರಸ್ತೆ ತಣ್ಣಗಾದ ಮೇಲೆ ರಾತ್ರಿ ಹನ್ನೊಂದಕ್ಕೆ ಹಾಡೋಕೆ ಶುರು ಮಾಡಿದರೆ ಒಂದು ಚರಣ ಚೆನ್ನಾಗಿ ಬರೋ ಹೊತ್ತಿಗೆ ರಾತ್ರಿ ಒಂದು ಗಂಟೆ ಆಗಿರುತ್ತೆ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬೇಕು.

ಆಮೇಲೆ ಮಿಕ್ಸಿಂಗ್, ಅಂದರೆ ರೆಕಾರ್ಡ್ ಮಾಡಿದ ದನಿ, ವಾದ್ಯಗಳನ್ನೆಲ್ಲ ಹದವಾಗಿ ಸೇರಿಸೋ ಕೆಲಸ. ಮೃದಂಗದ ಎಡಗೈ ಪೆಟ್ಟೂ ಬಾಸ್ ಗಿಟಾರೂ ಒಂದೇ ಜಾಗದಲ್ಲಿ ಗುಮ್ ಅಂದರೆ ಎರಡೂ ಕೇಳೋದಿಲ್ಲ. ಒಂದನ್ನು ಕೆತ್ತಬೇಕು, ಇನ್ನೊಂದನ್ನು ಎತ್ತಬೇಕು, ಅಷ್ಟರಲ್ಲಿ ಗಾಯಕರ ದನಿ ಹಿಂದೆ ಹೋಗಿರುತ್ತೆ. ಸ್ಟುಡಿಯೋ ಸ್ಪೀಕರಿನಲ್ಲಿ ಸರಿ ಅನಿಸಿದ್ದು ಕಾರಿನಲ್ಲಿ ಕೇಳಿದರೆ ಬೇರೆ, ಇಯರ್‌ಫೋನಿನಲ್ಲಿ ಇನ್ನೂ ಬೇರೆ. ಇನ್ನೊಂದು ಸಲ ತಿದ್ದೋಣ ಅಂತ ಹೊರಟರೆ ತಿಂಗಳುಗಳು ಹೋಗ್ತವೆ, ಯಾಕೆಂದರೆ ಸಾಕು ಅನ್ನುವವರು ಯಾರೂ ಇಲ್ಲ.

ಇಲ್ಲಿ ಮಾತ್ರ ನಾನು ಬ್ಯಾಂಡಿನವರ ಪರ ಅಲ್ಲ. ದುಡ್ಡಿಲ್ಲದಿದ್ದರೆ ಕಾಯಲೇಬೇಕು, ಒಪ್ಪಿದೆ. ಭಯಕ್ಕೆ ಕಾಯೋದು ಬೇರೆ. ಮೊದಲ ಆಲ್ಬಂ ಜನ ಮೆಚ್ಚಿದ್ದಾರೆ, ಎರಡನೆಯದು ಅದಕ್ಕಿಂತ ಕಡಿಮೆಯಾದರೆ ಅನ್ನೋ ಅಂಜಿಕೆಯಲ್ಲಿ ಮುಗಿದ ಹಾಡುಗಳನ್ನೂ ಇಟ್ಟುಕೊಂಡು ಕೂರುವವರಿದ್ದಾರೆ. ಮಿಕ್ಸಿಂಗ್‌ಗೆ ಮೊದಲೇ ಬಿಡುಗಡೆಗೆ ಒಂದು ಹಾಲ್ ಹಿಡಿದು ಅಡ್ವಾನ್ಸ್ ಕೊಟ್ಟುಬಿಡಿ ಅಂತ ನಾನು ಅವರಿಗೆ ಹೇಳ್ತೀನಿ. ಆಗ ತಾರೀಖು ತಾನಾಗೇ ಬರುತ್ತೆ.

ಪ್ರಶ್ನೆ: ಹಾಗಾದರೆ ಆಲ್ಬಂ ಯಾಕೆ ಬೇಕು? ಒಂದೊಂದೇ ಹಾಡು ಬಿಡಬಹುದಲ್ವಾ? ಕೇಳುಗರು ಏನು ಮಾಡಬಹುದು?
– ವಿಜಯನಗರದ ಓದುಗರು

ಉತ್ತರ: ಬಿಡಬಹುದು, ಈಗ ಹೆಚ್ಚಿನವರು ಮಾಡ್ತಿರೋದೂ ಅದನ್ನೇ. ಆದರೆ ಎಂಟು ಹಾಡು ಒಟ್ಟಿಗೆ ಕೇಳಿದಾಗ ಒಬ್ಬರ ಮನಸ್ಸು ಎಲ್ಲೆಲ್ಲಿ ಓಡಾಡುತ್ತೆ ಅಂತ ಗೊತ್ತಾಗುತ್ತೆ. ನನಗೆ ಅದು ಬೇಕು. ಕೇಳುಗರು ಮಾಡಬೇಕಾದ್ದು ಸರಳ. ಪಾಸ್ ಕೇಳಬೇಡಿ, ಟಿಕೆಟ್ ತಗೊಂಡು ಹೋಗಿ. ಶೋ ಮುಗಿದ ಮೇಲೆ ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಸಿ.ಡಿ., ಟೀ ಶರ್ಟ್ ಮಾರ್ತಿದ್ದರೆ ಒಂದು ಕೊಳ್ಳಿ. ಹೊಸ ಹಾಡು ಇಷ್ಟವಾಗಿದ್ದರೆ ಯಾವುದು ಅಂತ ಅವರಿಗೆ ಅಲ್ಲೇ ಹೇಳಿ, ಯಾವುದನ್ನು ಮೊದಲು ರೆಕಾರ್ಡ್ ಮಾಡಬೇಕು ಅಂತ ಅವರೂ ಯೋಚಿಸ್ತಾ ಇರ್ತಾರೆ.